ಮನೆ ಸಾಮಾನು ಕಡಿಮೆ ಮಾಡಲು ಎಲ್ಲಿಂದ ಶುರು ಮಾಡೋದು? ಐದು ದಾರಿಗಳ ಹೋಲಿಕೆ

ಯುಗಾದಿಗೆ ಮುಂಚೆ ಒಂದು ಸಲ, ದಸರೆಗೆ ಮುಂಚೆ ಒಂದು ಸಲ ನಮ್ಮ ಮನೆಗಳಲ್ಲಿ ಅಟ್ಟದ ಸಾಮಾನೆಲ್ಲ ಕೆಳಗಿಳಿಯುತ್ತದೆ. ಧೂಳು ಹೊಡೆದು, ಒರೆಸಿ, ಮತ್ತೆ ಅಟ್ಟಕ್ಕೇ ಏರಿಸುತ್ತೇವೆ. ಹಳೇ ಮಿಕ್ಸಿ, ಕಾಲು ಮುರಿದ ಸ್ಟೂಲು, ಕಾಲೇಜಿಗೆ ಹೋಗುವ ಮಗನ ಚಿಕ್ಕಂದಿನ ವಾಕರ್, ಚಕ್ರ ಕಿತ್ತುಹೋದ ಸೂಟ್‌ಕೇಸು. ಮನೆ ಸ್ವಚ್ಛ ಆಗುತ್ತದೆ. ಸಾಮಾನು ಮಾತ್ರ ಒಂದೂ ಕಡಿಮೆ ಆಗಿರುವುದಿಲ್ಲ.

ಆ ಮಿಕ್ಸಿ ಬೇಡ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೇಡ ಅಂದ ಮೇಲೆ ಅದು ಯಾರ ಕೈಗೆ ಹೋಗಬೇಕು, ಯಾವತ್ತು ಹೋಗಬೇಕು ಅನ್ನುವುದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಅದು ಮತ್ತೆ ಮೇಲೆ ಹೋಗುತ್ತದೆ. ಹಾಗಾಗಿ ಮನೆ ಹಗುರ ಮಾಡುವ ವಿಧಾನಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಯಾವುದರಲ್ಲಿ ಸಾಮಾನು ನಿಜವಾಗಿ ಹೊಸ್ತಿಲು ದಾಟುತ್ತದೆ? ಎಷ್ಟು ಹೊತ್ತು ಬೇಕು, ಎಷ್ಟು ಜಾಗ ಬೇಕು, ಮನೆಯಲ್ಲಿ ಯಾರನ್ನು ಕೇಳಬೇಕು ಅನ್ನುವುದೆಲ್ಲ ಆಮೇಲಿನ ಮಾತು.

ದಿನಾ ಹದಿನೈದು ನಿಮಿಷ, ಒಂದೇ ಒಂದು ಜಾಗ

ಕೆಲಸಕ್ಕೆ ಹೋಗುವವರಿಗೆ, ಚಿಕ್ಕ ಮಕ್ಕಳಿರುವ ಮನೆಗೆ, ಒಂದೇ ರೂಮಿನ ಬಾಡಿಗೆ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ. ಒಂದು ಡ್ರಾಯರ್, ಅಥವಾ ಫ್ರಿಜ್ಜಿನ ಬಾಗಿಲು, ಅಥವಾ ಮಾತ್ರೆ ಡಬ್ಬ. ಅಷ್ಟೇ. ಟೈಮರ್ ಹೊಡೆದುಕೊಂಡ ಕೂಡಲೇ ನಿಲ್ಲಿಸಿ.

ಇದರ ದೊಡ್ಡ ಅನುಕೂಲ ಏನೆಂದರೆ ಅರ್ಧಕ್ಕೆ ನಿಂತರೂ ಮನೆ ಹರಡಿಕೊಂಡಿರುವುದಿಲ್ಲ. ಇನ್ನೊಂದು, ಡ್ರಾಯರಿನಿಂದ ಹೊರಬರುವ ಸಾಮಾನಿಗೆ ದಾರಿ ಸುಲಭ. ಬರೆಯದ ಪೆನ್ನು, ಹೋಟೆಲ್ ಪಾರ್ಸೆಲ್ ಜೊತೆ ಬಂದ ಸಾಸ್ ಪ್ಯಾಕೆಟ್, ಅಕ್ಷರ ಅಳಿಸಿಹೋದ ಬಿಲ್ಲು, ರಬ್ಬರ್ ಬ್ಯಾಂಡು. ಇವು ಮಾರನೆಯ ದಿನದ ಕಸದ ಗಾಡಿಗೇ ಹೋಗುತ್ತವೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ.

ಮೊದಲ ದಿನ ಎಲ್ಲಿ ಕೈ ಹಾಕಬೇಕು? ನನ್ನ ಆಯ್ಕೆ ಅಡುಗೆಮನೆಯ ಪುಡಿಗಳ ಸಾಲು ಅಥವಾ ಮಾತ್ರೆ ಡಬ್ಬ. ಎರಡರಲ್ಲೂ ಪ್ಯಾಕೆಟ್ ಮೇಲೇ ದಿನಾಂಕ ಅಚ್ಚಾಗಿರುತ್ತದೆ. ಇಡೋಣವೇ ಬೇಡವೇ ಅಂತ ಯೋಚನೆ ಮಾಡುವ ಕೆಲಸವೇ ಇಲ್ಲ. ಯಾವ ನೆನಪೂ ಅಂಟಿಕೊಂಡಿರುವುದಿಲ್ಲ. ಅವಧಿ ಮುಗಿದ ಮಾತ್ರೆಗಳ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಸ್ಟ್ರಿಪ್‌ಗಳನ್ನು ಇಡಿಯಾಗಿ ಕಸಕ್ಕೆ ಹಾಕಿದರೆ ಮಕ್ಕಳ ಕೈಗೆ ಸಿಗಬಹುದು, ಯಾರಾದರೂ ಎತ್ತಿಕೊಂಡು ನುಂಗಲೂಬಹುದು. ಕತ್ತರಿಯಿಂದ ತುಂಡು ಮಾಡಿ, ಒಂದು ಕವರಿನಲ್ಲಿ ಕಟ್ಟಿ, ಔಷಧಿ ಅಂತ ಬರೆದು ಹಸಿಕಸ, ಒಣಕಸ ಎರಡರಿಂದಲೂ ಬೇರೆಯಾಗಿ ಕೊಡಿ.

ಇದರ ಮಿತಿಯೂ ಸ್ಪಷ್ಟ. ಅಟ್ಟ, ಸ್ಟೋರ್ ರೂಮು, ಬೀರು ಇವು ಹದಿನೈದು ನಿಮಿಷದ ಲೆಕ್ಕಕ್ಕೆ ಸಿಗುವುದಿಲ್ಲ. ಏಣಿ ತಂದು ಇಡುವುದಕ್ಕೇ ಐದು ನಿಮಿಷ ಬೇಕು. ಡ್ರಾಯರುಗಳೆಲ್ಲ ಮುಗಿದ ಮೇಲೆ ಬೇರೆ ದಾರಿ ಹಿಡಿಯಲೇಬೇಕು.

ಒಂದೇ ಬಗೆಯ ಸಾಮಾನನ್ನು ಇಡೀ ಮನೆಯಿಂದ ಒಟ್ಟು ಮಾಡುವುದು

ಜಾಗ ಹಿಡಿಯುವ ಬದಲು ವಸ್ತುವನ್ನು ಹಿಡಿಯುವ ವಿಧಾನ ಇದು. ಮನೆಯಲ್ಲಿರುವ ಅಷ್ಟೂ ಟವೆಲ್, ಅಥವಾ ಅಷ್ಟೂ ಡಬ್ಬ, ಅಥವಾ ಅಷ್ಟೂ ಚಾರ್ಜರು ಒಂದೇ ಕಡೆ ರಾಶಿ ಹಾಕುತ್ತೀರಿ. ಬೇರೆ ಬೇರೆ ಕಪಾಟಿನಲ್ಲಿ ನಾಲ್ಕು ನಾಲ್ಕು ಇದ್ದಾಗ ಜಾಸ್ತಿ ಅನ್ನಿಸದ ವಸ್ತು ರಾಶಿಯಾದಾಗ ಕಣ್ಣಿಗೆ ಹೊಡೆಯುತ್ತದೆ. ಕಡಿಮೆ ಮಾಡಬೇಕು ಅಂತ ಯಾರೂ ಹೇಳಬೇಕಾಗಿಯೇ ಇಲ್ಲ.

ಆದರೆ ಅರ್ಧ ದಿನದ ಬಿಡುವು ಬೇಕು, ಹರಡಲು ಒಂದು ಮಂಚ ಬೇಕು. ಸಂಜೆಯೊಳಗೆ ಮುಗಿಯದಿದ್ದರೆ ಮಲಗಲು ಜಾಗ ಇರುವುದಿಲ್ಲ. ಎರಡು ರೂಮಿನಲ್ಲಿ ಆರು ಜನ ಇರುವ ಮನೆಗೆ ಇದು ಕಷ್ಟ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ, ಭಾನುವಾರ ಬಿಡುವಿದ್ದವರಿಗೆ ತುಂಬ ಚೆನ್ನಾಗಿ ಹೊಂದುತ್ತದೆ.

ಯಾವ ವಸ್ತು ಆರಿಸುತ್ತೀರಿ ಅನ್ನುವುದರ ಮೇಲೆ ಇದರ ಗೆಲುವು ನಿಂತಿದೆ. ರೇಷ್ಮೆ ಸೀರೆ, ಫೋಟೋ, ಮಕ್ಕಳ ಬಟ್ಟೆ ಇವುಗಳಿಂದ ದಯವಿಟ್ಟು ಶುರು ಮಾಡಬೇಡಿ. ಮೊದಲ ಸೀರೆಗೇ ಮದುವೆ ನೆನಪಾಗಿ ಕೆಲಸ ನಿಲ್ಲುತ್ತದೆ. ನಮ್ಮ ಮನೆಗಳಿಗೆ ಸರಿಹೋಗುವ ಮೂರು ಬಗೆ ಹೇಳುತ್ತೇನೆ.

ಮೊದಲನೆಯದು ಬ್ಲೌಸ್ ಪೀಸು. ತಾಂಬೂಲದ ಜೊತೆ ಬಂದು, ಇನ್ನೊಬ್ಬರ ಮನೆಗೆ ತಾಂಬೂಲವಾಗಿ ಹೋಗಿ, ಮತ್ತೆ ನಮ್ಮ ಮನೆಗೇ ಬರುವ ವಸ್ತು ಅದು. ಎಲ್ಲ ತೆಗೆದು ಹರಡಿ. ಒಳ್ಳೆಯ ಹತ್ತಿಯವು, ನಿಮ್ಮ ಸೀರೆಗೆ ಹೊಂದುವವು ಒಂದು ಕಡೆ. ಈ ವರ್ಷದ ಗೌರಿ ಹಬ್ಬಕ್ಕೆ, ವರಮಹಾಲಕ್ಷ್ಮಿಗೆ ಕೊಡಲು ಬೇಕಾದಷ್ಟು ಇನ್ನೊಂದು ಕಡೆ. ಉಳಿದದ್ದನ್ನು ನಿಮ್ಮ ಟೈಲರ್ ಹತ್ತಿರ ಅಥವಾ ಹತ್ತಿರದ ಹೊಲಿಗೆ ತರಬೇತಿ ತರಗತಿಗೆ ತೆಗೆದುಕೊಂಡು ಹೋಗಿ. ಹೊಲಿಗೆ ಕಲಿಯುವವರಿಗೆ ಅಭ್ಯಾಸಕ್ಕೆ ಬಟ್ಟೆ ಯಾವಾಗಲೂ ಬೇಕು.

ಎರಡನೆಯದು ಡಬ್ಬ. ಎಲ್ಲ ಡಬ್ಬಕ್ಕೂ ಮುಚ್ಚಳ ಹಾಕಿ ನೋಡಿ. ಮುಚ್ಚಳ ಸಿಗದ ಪ್ಲಾಸ್ಟಿಕ್ ಡಬ್ಬ ಒಣಕಸಕ್ಕೆ. ಪಾರ್ಸೆಲ್ ಬಂದ ಕಪ್ಪು ಡಬ್ಬಗಳಲ್ಲಿ ದಿನಾ ಬಳಸುವಷ್ಟು ಇಟ್ಟುಕೊಂಡು ಉಳಿದದ್ದೂ ಅಲ್ಲಿಗೇ. ಸ್ಟೀಲಿಗೆ ಯಾವಾಗಲೂ ತೂಕದ ಬೆಲೆ ಇದೆ. ಹಾಗಾಗಿ ಅದನ್ನು ಬಿಟ್ಟುಕೊಡುವುದು ಮನಸ್ಸಿಗೂ ಸುಲಭ.

ಮೂರನೆಯದು ಕಾಗದ ಪತ್ರ. ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಅಂಕಪಟ್ಟಿ, ವಿಮೆ ಪಾಲಿಸಿ, ಜನನ ಮರಣ ಪ್ರಮಾಣಪತ್ರ ಇವು ಮುಟ್ಟಲೇಬಾರದ ಗುಂಪು. ಕಂದಾಯದ ರಸೀದಿ ಹಳೆಯದಾಯಿತು ಅಂತ ಎಸೆಯಬೇಡಿ. ಇ-ಖಾತಾ ಮಾಡಿಸುವಾಗ, ಮನೆ ಮಾರುವಾಗ ಹುಡುಕಾಡುವ ಹಾಗೆ ಆಗುತ್ತದೆ. ಸತ್ತುಹೋದ ಫ್ರಿಜ್ಜಿನ ಗ್ಯಾರಂಟಿ ಕಾರ್ಡು, ಹತ್ತು ವರ್ಷದ ಹಿಂದಿನ ಫೋನ್ ಬಿಲ್ಲು, ಮದುವೆ ಕರೆಯೋಲೆ, ಕೋಚಿಂಗ್ ಸೆಂಟರಿನ ಜಾಹೀರಾತು ಇವು ಹೋಗಬಹುದು. 2015ರಲ್ಲಿ ಶುರುವಾದ ಡಿಜಿಲಾಕರಿನಲ್ಲಿ ಡ್ರೈವಿಂಗ್ ಲೈಸೆನ್ಸ್, ವಾಹನದ ಆರ್‌ಸಿ ಸಿಗುತ್ತವೆ. ಅದರಿಂದ ಅವುಗಳ ಐದಾರು ಜೆರಾಕ್ಸ್ ಮಾಡಿ ಇಟ್ಟುಕೊಳ್ಳುವ ಅಗತ್ಯ ಈಗಿಲ್ಲ. ಮೂಲ ಪತ್ರ ಮಾತ್ರ ಜೋಪಾನವಾಗಿರಲಿ. ಆಧಾರ್ ಜೆರಾಕ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಳೇ ಚೆಕ್‌ಬುಕ್ ಇವನ್ನು ಹಾಗೇ ರದ್ದಿಗೆ ಹಾಕಬೇಡಿ. ಸಣ್ಣಗೆ ಹರಿದು ನೀರಿನಲ್ಲಿ ನೆನೆಸಿಟ್ಟರೆ ಯಾರೂ ಓದಲಾಗುವುದಿಲ್ಲ.

ಒಂದು ಕೋಣೆ ಹಿಡಿದು ಮುಗಿಸುವುದು

ಫಲ ಬೇಗ ಕಾಣುವುದು ಇದರಲ್ಲಿ. ಶನಿವಾರ ಶುರು ಮಾಡಿದರೆ ಭಾನುವಾರ ರಾತ್ರಿಗೆ ಒಂದು ಕೋಣೆ ಹೊಸದಾಗಿರುತ್ತದೆ. ತೊಂದರೆಯೂ ಅಲ್ಲೇ ಇದೆ. ಈ ಕೋಣೆಯ ಸಾಮಾನು ಪಕ್ಕದ ಕೋಣೆಗೆ ಹೋಗಿ ಕೂರುತ್ತದೆ. ಹಾಲ್ ಖಾಲಿ, ಬೆಡ್‌ರೂಮು ಭರ್ತಿ. ಈ ದಾರಿ ಹಿಡಿಯುವುದಾದರೆ ಒಂದೇ ಕಟ್ಟುಪಾಡು: ಕೋಣೆಯ ಬಾಗಿಲು ದಾಟುವ ವಸ್ತು ಸೀದಾ ಮನೆಯ ಹೊರಬಾಗಿಲಿಗೆ ಹೋಗಬೇಕು. ಮನೆ ಬದಲಾಯಿಸುವವರಿಗೆ, ಬಣ್ಣ ಹೊಡೆಸುವವರಿಗೆ ಇದು ಸಹಜ. ಉಳಿದವರಿಗೆ ನಾನು ಹೇಳುವುದು ಕಡಿಮೆ.

ಡಬ್ಬಕ್ಕೆ ತುಂಬಿ, ತಾರೀಕು ಬರೆದು ಕಾಯುವುದು

ಬೇಕೋ ಬೇಡವೋ ಅಂತ ತೀರ್ಮಾನ ಆಗದ ಸಾಮಾನನ್ನು ರಟ್ಟಿನ ಡಬ್ಬಕ್ಕೆ ಹಾಕುತ್ತೀರಿ. ಹೊರಗೆ ಏನೇನಿದೆ ಅಂತ ಬರೆಯುತ್ತೀರಿ, ತಾರೀಕು ಹಾಕುತ್ತೀರಿ. ಆರು ತಿಂಗಳಲ್ಲಿ ಯಾರೂ ಕೇಳದಿದ್ದರೆ ಅದು ಹೊರಗೆ. "ಎಸೆಯುತ್ತಿಲ್ಲ, ಸುಮ್ನೆ ತೆಗೆದಿಡುತ್ತಿದ್ದೇವೆ" ಅಂದಾಗ ಮನೆಯಲ್ಲಿ ವಾದ ಆಗುವುದಿಲ್ಲ. ಮಕ್ಕಳ ಆಟದ ಸಾಮಾನಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅರ್ಧ ಆಟಿಕೆ ಒಳಗಿಟ್ಟರೂ ಮಗು ಕೇಳುವುದು ಒಂದೋ ಎರಡೋ. ಅವನ್ನು ಕೊಟ್ಟುಬಿಡಿ, ಉಳಿದದ್ದು ಹೋಗಲಿ.

ಆದರೆ ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆ ಬಳಸುವ ಸಾಮಾನು ಜಾಸ್ತಿ. ದಸರಾ ಗೊಂಬೆ, ಕರ್ಜಿಕಾಯಿ ಅಚ್ಚು, ದೊಡ್ಡ ಕೊಳಗ, ಸ್ವೆಟರ್, ಕೊಡೆ. ಇವಕ್ಕೆ ಆರು ತಿಂಗಳ ಗಡುವು ಅನ್ಯಾಯ. ಒಂದು ವರ್ಷ ಪೂರ್ತಿ ಹಬ್ಬಗಳು ಸುತ್ತಿ ಬರಲಿ. ಎರಡು, ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಡಬ್ಬ ತಂಡಿ ಹೀರಿಕೊಳ್ಳುತ್ತದೆ. ಬಟ್ಟೆಗೆ ಬೂಷ್ಟು, ಪುಸ್ತಕಕ್ಕೆ ಗೆದ್ದಲು. ಮಳೆಗಾಲ ಮುಗಿದು ಅದು ತೆರೆದಾಗ ಯಾರಿಗೂ ಕೊಡುವ ಹಾಗಿರುವುದಿಲ್ಲ. ಆ ಕಡೆಯವರು ದೀಪಾವಳಿ ಕಳೆದ ಮೇಲೆ ಡಬ್ಬ ತುಂಬಿ, ಮೇ ತಿಂಗಳೊಳಗೆ ಹೊರಗೆ ಕಳಿಸಿಬಿಡುವುದು ಒಳ್ಳೆಯದು.

ಚಿಕ್ಕ ಮನೆಗೂ ಇದು ಆಗಿಬರುವುದಿಲ್ಲ. ಇಡಲು ಜಾಗ ಇಲ್ಲದೇ ಇರುವುದೇ ಅಲ್ಲಿನ ಕಷ್ಟ ಅಲ್ವಾ? ಇನ್ನೂ ನಾಲ್ಕು ಡಬ್ಬ ಎಲ್ಲಿಡುವುದು?

ಹಬ್ಬದ ದೊಡ್ಡ ಕ್ಲೀನಿಂಗ್

ಮೇಲೆ ಹೇಳಿದ ಹಾಗೆ, ಈಗ ನಡೆಯುವ ರೀತಿಯಲ್ಲಿ ಇದರಿಂದ ಸಾಮಾನು ಕಡಿಮೆ ಆಗುವುದಿಲ್ಲ. ಹಾಗಂತ ಬಿಡುವ ದಾರಿಯೂ ಅಲ್ಲ. ಎಲ್ಲರೂ ಮನೆಯಲ್ಲಿರುತ್ತಾರೆ. ಏಣಿ ಹೊರಗೆ ಬಂದಿರುತ್ತದೆ. ಕೆಲಸ ಮಾಡುವ ಉತ್ಸಾಹ ಇರುತ್ತದೆ. ಇಷ್ಟೆಲ್ಲ ಒಟ್ಟಿಗೆ ಸಿಗುವುದು ವರ್ಷದಲ್ಲಿ ಒಂದೆರಡು ಸಲ ಮಾತ್ರ.

ಬದಲಾಯಿಸಬೇಕಾದದ್ದು ದಿನ. ಹಬ್ಬದ ಹಿಂದಿನ ದಿನ ಅಟ್ಟ ಇಳಿಸಿದರೆ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ, ಗುಜರಿಯವರೂ ಸಿಗುವುದಿಲ್ಲ. ನವರಾತ್ರಿಗೆ ಮುಂಚಿನ ಪಿತೃಪಕ್ಷ ಇದಕ್ಕೆ ಹೇಳಿ ಮಾಡಿಸಿದ ಸಮಯ. ಆ ಹದಿನೈದು ದಿನ ಬಹಳ ಮನೆಗಳಲ್ಲಿ ಹೊಸ ವಸ್ತು ಕೊಳ್ಳುವುದಿಲ್ಲ. ಒಳಗೆ ಬರುವುದು ನಿಂತಿರುತ್ತದೆ, ಹೊರಗೆ ಕಳಿಸುವುದಕ್ಕೆ ಗಮನ ಕೊಡಬಹುದು. ಆಷಾಢದ ಕಥೆಯೇ ಬೇರೆ. ಶುಭಕಾರ್ಯ ಇಲ್ಲ ಅಂತ ಅಂಗಡಿಗಳು ರಿಯಾಯಿತಿ ಹಾಕುತ್ತವೆ, ಸೀರೆ ಪಾತ್ರೆ ಎಲ್ಲ ಮನೆಗೆ ಬರುವುದೇ ಆಗ.

ಅಟ್ಟದ ಸಾಮಾನಿಗೆ ನನ್ನ ಸಲಹೆ: ಮೊದಲು ಗುಜರಿಯವರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿ. ಆ ದಿನ ಬೆಳಗ್ಗೆ ಅಟ್ಟ ಇಳಿಸಿ. ಮಧ್ಯಾಹ್ನ ಅವರು ಬರುತ್ತಾರೆ ಅಂತ ಗೊತ್ತಿದ್ದರೆ ತೀರ್ಮಾನಗಳು ಬೇಗ ಆಗುತ್ತವೆ.

ಹೊರಗೆ ಹೋಗುವ ದಾರಿಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಯಾವುದು ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಮೇಲಿನ ಐದರಲ್ಲಿ ಯಾವುದು ಹಿಡಿದರೂ ನಡೆಯುತ್ತದೆ.

ಗುಜರಿ ಅಂಗಡಿ ಎಲ್ಲಕ್ಕಿಂತ ಸುಲಭ. ಪೇಪರ್, ಪುಸ್ತಕ, ಕಬ್ಬಿಣ, ಅಲ್ಯೂಮಿನಿಯಂ, ಗಟ್ಟಿ ಪ್ಲಾಸ್ಟಿಕ್, ಹಾಲಿನ ಕವರ್ ಎಲ್ಲ ತೆಗೆದುಕೊಳ್ಳುತ್ತಾರೆ. ಹಾಲಿನ ಕವರನ್ನು ತೊಳೆದು ಒಣಗಿಸಿರಬೇಕು. ಬೆಲೆ ಕಡಿಮೆ ಅಂತ ಬೇಸರ ಮಾಡಿಕೊಳ್ಳಬೇಡಿ. ಸಾಮಾನು ಅದೇ ದಿನ ಹೋಗುತ್ತದೆ, ಮರುಬಳಕೆಗೇ ಹೋಗುತ್ತದೆ. ಮುರಿದ ವಸ್ತುವಿಗೆ ಇದೇ ಸರಿ.

ತಾಮ್ರ, ಹಿತ್ತಾಳೆ ಮಾತ್ರ ಗುಜರಿಗೆ ಹಾಕಬೇಡಿ. ಹಂಡೆ, ಬಿಂದಿಗೆ, ಕೊಳದಪ್ಪಲೆ ಇದ್ದರೆ ಎರಡು ಪಾತ್ರೆ ಅಂಗಡಿಗಳಲ್ಲಿ ಕೇಳಿ. ತೂಕಕ್ಕೆ ಬೆಲೆ ಹಾಕುತ್ತಾರೆ, ಕರಗಿಸುವಾಗಿನ ಸವಕಳಿ ಅಂತ ಸ್ವಲ್ಪ ಕಳೆಯುತ್ತಾರೆ. ತಾಮ್ರಕ್ಕೆ ಹಿತ್ತಾಳೆಗಿಂತ ಜಾಸ್ತಿ ಬೆಲೆ. ಹಾಗೆಯೇ ಬೀದಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಬಂದಾಗ ಜರಿ ಸೀರೆ ಕೊಟ್ಟುಬಿಡಬೇಡಿ. ಹಳೇ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಂತೂ ಬೆಳ್ಳಿ ಅರ್ಧಕ್ಕಿಂತ ಜಾಸ್ತಿ, ಮೇಲೆ ಚಿನ್ನದ ಲೇಪ. ಒಂದು ಸ್ಟೀಲ್ ಡಬ್ಬಕ್ಕೆ ಅದು ಹೋಗಬಾರದು. ಸೀರೆ ಹರಿದಿದ್ದರೂ ಜರಿ ಕೊಳ್ಳುವ ಅಂಗಡಿಯಲ್ಲಿ ತೂಗಿಸಿ ನೋಡಿ.

ಇನ್ನು ಉಳಿದ ಬಟ್ಟೆ. ಹಾಕಿಕೊಳ್ಳುವ ಹಾಗಿರುವುದನ್ನು ಮಾತ್ರ ಕೊಡಬೇಕು. ಗುಂಡಿ ಇರಬೇಕು, ಒಗೆದಿರಬೇಕು, ಜಿಪ್ ಕೆಲಸ ಮಾಡಬೇಕು. ತೆಗೆದುಕೊಳ್ಳುವವರಿಗೂ ಮರ್ಯಾದೆ ಇದೆ. ಮನೆಕೆಲಸಕ್ಕೆ ಬರುವವರಿಗೆ ಮೂಟೆ ಕಟ್ಟಿ ಕೊಡುವ ಬದಲು "ನೋಡಿ ಅಮ್ಮ, ಇದರಲ್ಲಿ ಬೇಕಾದ್ದು ತೆಗೆದುಕೊಳ್ಳಿ, ಬೇಡ ಅಂದರೆ ಬೇಡ" ಅಂತ ಹೇಳಿ. ಇಲ್ಲದಿದ್ದರೆ ನಮ್ಮ ಅಟ್ಟದ ಭಾರ ಅವರ ಮನೆಗೆ ಹೋಗುತ್ತದೆ, ಅಷ್ಟೇ. ಬಟ್ಟೆ ಸಂಗ್ರಹಿಸುವ ಸಂಸ್ಥೆಗಳೂ ಇವೆ. ಗೂಂಜ್ 1999ರಿಂದ ಈ ಕೆಲಸ ಮಾಡುತ್ತಿದೆ, ಬೆಂಗಳೂರಿನಲ್ಲೂ ತೆಗೆದುಕೊಳ್ಳುತ್ತದೆ. ಹರಿದ ಹತ್ತಿ ಸೀರೆ, ಪಂಚೆ ಇದ್ದರೆ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ, ಅದು ಕೌದಿಗೆ ಹೋಗುತ್ತದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಮಹಿಳೆಯರು ಹಳೇ ಬಟ್ಟೆ ಜೋಡಿಸಿ ಹೊಲಿಯುವ ಕವಂದಿಗಳು ಎಷ್ಟು ಚೆಂದ! ಹೊಲಿಯುವವರು ಹತ್ತಿರ ಇದ್ದರೆ ಕೂಲಿ ಕೊಟ್ಟು ನಿಮ್ಮ ಅಜ್ಜಿಯ ಸೀರೆಗಳನ್ನೇ ಒಂದು ಕೌದಿ ಮಾಡಿಸಿಕೊಳ್ಳಿ. ಹತ್ತು ಸೀರೆಯ ಜಾಗದಲ್ಲಿ ಒಂದು ಕೌದಿ, ನೆನಪೂ ಮನೆಯಲ್ಲೇ ಉಳಿಯುತ್ತದೆ.

ಹಾಸಿಗೆ ವಿಷಯದಲ್ಲಿ ಹತ್ತಿಗೂ ಫೋಮಿಗೂ ದೊಡ್ಡ ವ್ಯತ್ಯಾಸ. ಹತ್ತಿ ಹಾಸಿಗೆಯನ್ನು ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವವರು ಈಗಲೂ ಇದ್ದಾರೆ. ಫೋಮ್ ಹಾಸಿಗೆ ಗುಜರಿಯವರೂ ಬೇಡ ಅನ್ನುತ್ತಾರೆ. ನಗರಪಾಲಿಕೆಯವರನ್ನು ಕೇಳಿ ದೊಡ್ಡ ಕಸ ಅಂತ ಬೇರೆ ಗಾಡಿ ತರಿಸಬೇಕು. ಹೊಸ ಹಾಸಿಗೆ ಕೊಳ್ಳುವವರು ಹಳೆಯದನ್ನು ಎಕ್ಸ್‌ಚೇಂಜಿಗೆ ತೆಗೆದುಕೊಳ್ಳುತ್ತಾರಾ ಅಂತ ಅಂಗಡಿಯಲ್ಲೇ ಕೇಳಿಬಿಡಿ.

ಒಣಕಸ ಕೊಡುವುದು ನಗರಗಳಲ್ಲಿ ಈಗ ಅಭ್ಯಾಸ ಆಗಿದೆ. ಬೆಂಗಳೂರಿನಲ್ಲಿ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಎರಡು ಬುಟ್ಟಿ ಒಂದು ಚೀಲದ ಪದ್ಧತಿಗೆ ಆದೇಶ ಕೊಟ್ಟಿತು. ಹಸಿಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಬ್ಯಾಂಡೇಜ್‌ನಂಥ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಗಾಡಿಯಲ್ಲಿ ಬರುವವರಿಗೆ ಒಮ್ಮೆಗೇ ಐದು ಮೂಟೆ ಕೊಟ್ಟರೆ ಅವರಿಗೆ ಹಿಡಿಸುವುದಿಲ್ಲ. ಜಾಸ್ತಿ ಇದ್ದರೆ ವಾರ್ಡಿನ ಒಣಕಸ ಸಂಗ್ರಹ ಕೇಂದ್ರಕ್ಕೆ ನೀವೇ ಒಯ್ದು ಕೊಡಿ.

ಹಳೇ ಮಿಕ್ಸಿ, ಟಿವಿ, ಮೊಬೈಲ್, ವೈರುಗಳ ಗಂಟು ಇವು ಗುಜರಿಗೂ ಬೇಡ, ಒಣಕಸಕ್ಕೂ ಬೇಡ. ಒಳಗಿನ ತಾಮ್ರಕ್ಕಾಗಿ ವೈರನ್ನು ಬಯಲಲ್ಲಿ ಸುಡುತ್ತಾರೆ, ಆ ಹೊಗೆ ಸುಡುವವರ ಎದೆಗೇ ಹೋಗುತ್ತದೆ. ಹಳೇ ಡಬ್ಬ ಟಿವಿಯ ಗಾಜಿನಲ್ಲಿ ಸೀಸ ಇದೆ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನೋಂದಣಿ ಆದ ಮರುಬಳಕೆದಾರರಿಗೇ ಇದು ಸೇರಬೇಕು. ದೊಡ್ಡ ಊರುಗಳಲ್ಲಿ ಅವರೇ ಮನೆಗೆ ಬಂದು ಒಯ್ಯುತ್ತಾರೆ. ಅಪಾರ್ಟ್‌ಮೆಂಟಿನವರು ಒಟ್ಟುಗೂಡಿ ಒಂದು ದಿನ ಕರೆಸಿದರೆ ಎಲ್ಲರದ್ದೂ ಒಮ್ಮೆಗೇ ಹೋಗುತ್ತದೆ. ಕೆಲಸ ಮಾಡುವ ಮಿಕ್ಸಿಗೆ ದೀಪಾವಳಿ ಎಕ್ಸ್‌ಚೇಂಜ್ ಆಫರ್ ಇದೆ. ಮೊಬೈಲ್ ಕೊಡುವ ಮುಂಚೆ ಸಿಮ್, ಮೆಮೊರಿ ಕಾರ್ಡ್ ತೆಗೆದು, ಫೋನನ್ನು ಪೂರ್ತಿ ರೀಸೆಟ್ ಮಾಡಿ.

ಆನ್‌ಲೈನಿನಲ್ಲಿ ಮಾರುವುದರಿಂದ ದುಡ್ಡು ಜಾಸ್ತಿ ಬರುತ್ತದೆ ನಿಜ. ಆದರೆ ಫೋಟೋ ಹಾಕಬೇಕು, ಹತ್ತು ಜನರ ಚೌಕಾಸಿಗೆ ಉತ್ತರ ಕೊಡಬೇಕು, ಬರುತ್ತೇನೆ ಅಂದವರಿಗೆ ಕಾಯಬೇಕು. ಸೋಫಾ, ಸೈಕಲ್, ವಾಷಿಂಗ್ ಮಷೀನು, ಸ್ಟಡಿ ಟೇಬಲ್ ಇಂಥದ್ದಕ್ಕೆ ಸರಿ. ಸಣ್ಣ ಸಾಮಾನಿಗೆ ಬೇಡ. ಒಂದು ಎಚ್ಚರ ಯಾವತ್ತೂ ಇರಲಿ: ದುಡ್ಡು ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಯುಪಿಐ ಪಿನ್ ಹಾಕಬೇಕಾಗಿಲ್ಲ. ಕೊಳ್ಳುವವರು ಹಾಗೆ ಕೇಳಿದರೆ ಅದು ಮೋಸ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಪುಸ್ತಕಕ್ಕೆ ಕಾಲ ಮುಖ್ಯ. ಪಿಯುಸಿ, ಸಿಇಟಿ, ನೀಟ್ ಪುಸ್ತಕಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಕೊಟ್ಟರೆ ಮುಂದಿನ ವರ್ಷದ ಮಕ್ಕಳು ಬಳಸುತ್ತಾರೆ. ಪಠ್ಯಕ್ರಮ ಬದಲಾಗುವವರೆಗೆ ಇಟ್ಟುಕೊಂಡರೆ ರದ್ದಿ. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ ಇದ್ದೇ ಇದೆ. ಕಥೆ ಕಾದಂಬರಿಗಳನ್ನು ಊರಿನ ಗ್ರಂಥಾಲಯಕ್ಕೆ ಕೊಡುವ ಮುಂಚೆ ಬೇಕಾ ಅಂತ ಕೇಳಿ.

ದೇವರ ಪಟದ ವಿಷಯ ಹೇಳಲೇಬೇಕು. ಒಡೆದ ಪಟ, ಹಳೇ ಕ್ಯಾಲೆಂಡರ್ ಎಲ್ಲ ಅಶ್ವತ್ಥಕಟ್ಟೆ ಮೇಲೆ ಇಟ್ಟು ಬರುವುದು ರೂಢಿಯಾಗಿದೆ. ಮಳೆಗೆ ನೆನೆದು, ನಾಯಿ ಎಳೆದಾಡಿ, ಗಾಜು ಒಡೆದು ಕೊನೆಗೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ದೇವರಿಗೂ ಇದು ಗೌರವ ಅಲ್ಲ. ಅಕ್ಷತೆ ಹಾಕಿ ನಮಸ್ಕಾರ ಮಾಡಿ ಮನೆಯಲ್ಲೇ ವಿಸರ್ಜನೆ ಮಾಡಿ. ಚೌಕಟ್ಟು, ಗಾಜು, ಕಾಗದ ಮೂರನ್ನೂ ಬಿಡಿಸಿ. ಚೌಕಟ್ಟನ್ನು ಫ್ರೇಮ್ ಹಾಕುವ ಅಂಗಡಿಗೆ ಕೊಡಬಹುದು. ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಗಾಜು ಅಂತ ಬರೆದು ಬೇರೆಯಾಗಿ ಕೊಡಿ. ಕಾಗದದ ಚಿತ್ರವನ್ನು ಗಿಡದ ಬುಡದಲ್ಲಿ ಹೂಳುವವರಿದ್ದಾರೆ. ಮನಸ್ಸಿಗೆ ಕಸಿವಿಸಿ ಆದರೆ ನಿಮ್ಮ ಮನೆಯ ಪುರೋಹಿತರನ್ನು ಕೇಳಿ.

ಯಾವ ಮನೆಗೆ ಯಾವ ದಾರಿ

ಬಾಡಿಗೆ ಮನೆಯವರು ಹದಿನೈದು ನಿಮಿಷದ ದಾರಿ ಹಿಡಿಯಿರಿ. ಮುಂದಿನ ಸಲ ಮನೆ ಬದಲಾಯಿಸುವಾಗ ಲಾರಿಗೆ ಕೊಡುವ ದುಡ್ಡೇ ಕಡಿಮೆ ಆಗುತ್ತದೆ. 30x40 ಸೈಟಿನ ಸ್ವಂತ ಮನೆ, ಅಟ್ಟ ಭರ್ತಿ, ಮಕ್ಕಳು ದೊಡ್ಡವರಾಗಿದ್ದಾರೆ ಅಂದರೆ ಪಿತೃಪಕ್ಷದ ದೊಡ್ಡ ಕ್ಲೀನಿಂಗೇ ಸರಿ. ಚಿಕ್ಕ ಮಕ್ಕಳಿದ್ದರೆ ಡಬ್ಬದ ದಾರಿಯನ್ನು ಆಟಿಕೆಗೆ ಮಾತ್ರ ಬಳಸಿ, ಉಳಿದದ್ದಕ್ಕೆ ಟೈಮರ್.

ಅತ್ತೆ ಮಾವ ಅಥವಾ ಅಪ್ಪ ಅಮ್ಮ ಜೊತೆಗಿರುವ ಮನೆಯಲ್ಲಿ ವಿಧಾನಕ್ಕಿಂತ ಮಾತು ಮುಖ್ಯ. ಅವರ ಸಾಮಾನು ಅವರಿಲ್ಲದಾಗ ಎಸೆಯಬೇಡಿ. ಒಂದು ಸಲ ಹಾಗೆ ಮಾಡಿದರೆ ಆಮೇಲೆ ಹಳೇ ಪೇಪರ್ ಕೂಡ ಬಿಟ್ಟುಕೊಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಏನೂ ಇಲ್ಲದ ಕಾಲ ನೋಡಿದವರು ಅವರು. ಒಂದು ಹಾರ್ಲಿಕ್ಸ್ ಬಾಟಲಿಗೂ ಆಗ ಬೆಲೆ ಇತ್ತು. ಮೊದಲು ನಿಮ್ಮ ಬೀರು ಖಾಲಿ ಮಾಡಿ, ಅವರು ನೋಡಲಿ. ಆಮೇಲೆ "ಅಮ್ಮ, ಇದು ಬೇಕಾ?" ಅಂತ ಕೇಳಬೇಡಿ, ಬೇಕು ಅನ್ನುತ್ತಾರೆ. "ಅಮ್ಮ, ಈ ಹಂಡೆ ಯಾರಿಗೆ ಕೊಟ್ಟರೆ ಚೆನ್ನಾಗಿ ಇಟ್ಟುಕೊಳ್ಳುತ್ತಾರೆ?" ಅಂತ ಕೇಳಿ. ಚಿಕ್ಕಮ್ಮನ ಮಗಳಿಗೆ, ಊರಿನ ದೇವಸ್ಥಾನಕ್ಕೆ ಅಂತ ಅವರೇ ದಾರಿ ಹೇಳುತ್ತಾರೆ. ಕೊಡುವುದು ಅವರ ಕೈಯಿಂದಲೇ ಆಗಲಿ.

ಹೊರದೇಶದಲ್ಲಿರುವ ಮಕ್ಕಳು ಊರಿನ ಮನೆ ಖಾಲಿ ಮಾಡಲು ಎರಡು ವಾರದ ರಜೆಗೆ ಬರುತ್ತಾರೆ. ಅವರಿಗೆ ಡಬ್ಬದ ದಾರಿಯೂ ಇಲ್ಲ, ದಿನಾ ಹದಿನೈದು ನಿಮಿಷವೂ ಸಾಲದು. ಕೋಣೆ ಕೋಣೆ ಹಿಡಿದು ಮುಗಿಸುವುದೊಂದೇ ದಾರಿ. ವಿಮಾನ ಹತ್ತುವ ಮುಂಚೆಯೇ ಗುಜರಿ, ಇ-ವೇಸ್ಟ್, ಸಾಗಿಸುವ ಗಾಡಿ ಮೂರಕ್ಕೂ ದಿನ ಗೊತ್ತು ಮಾಡಿಕೊಳ್ಳಿ. ಅಣ್ಣ ತಂಗಿಯರು ಬೇರೆ ಬೇರೆ ಕಡೆ ಇದ್ದರೆ ಮೊದಲ ಎರಡು ದಿನ ವಿಡಿಯೋ ಕಾಲ್ ಮಾಡಿ ಯಾರಿಗೆ ಏನು ಬೇಕು ಅಂತ ಚೀಟಿ ಅಂಟಿಸಿಬಿಡಿ. ಸ್ಟೋರ್ ರೂಮಿನಿಂದ ಶುರು ಮಾಡಿ, ಅಡುಗೆಮನೆ ಕೊನೆಗಿರಲಿ, ಅಲ್ಲಿಯವರೆಗೆ ಊಟ ಕಾಫಿ ಆಗಬೇಕಲ್ಲ. ಕಾಗದ ಪತ್ರಗಳನ್ನೂ ಫೋಟೋಗಳನ್ನೂ ಆ ಎರಡು ವಾರದಲ್ಲಿ ಆರಿಸಲು ಹೋಗಬೇಡಿ. ಎಲ್ಲ ಒಂದು ಟ್ರಂಕಿಗೆ ಹಾಕಿ, ಬೇವಿನೆಲೆಯೋ ನುಸಿಗುಳಿಗೆಯೋ ಇಟ್ಟು, ಬೀಗ ಹಾಕಿ, ಊರಿನಲ್ಲೇ ಇರುವ ಒಬ್ಬರ ಮನೆಯಲ್ಲಿ ಇಟ್ಟು ಹೋಗಿ. ಮುಂದಿನ ಸಲ ಬಂದಾಗ ಎಲ್ಲರೂ ಕೂತು ನೋಡಬಹುದು.